ನಾಲ್ಕಡಿ ಅಕ್ವೇರಿಯಂಗೆ ಮನೆಯಲ್ಲೇ ಮರದ ಸ್ಟ್ಯಾಂಡ್ ಕಟ್ಟುವ ಬಗೆ

ಅಕ್ವೇರಿಯಂ ಕೊಳ್ಳುವ ಮೊದಲು ಅದರ ಭಾರವನ್ನು ಸಿಮೆಂಟ್ ಮೂಟೆಗಳಲ್ಲಿ ಲೆಕ್ಕ ಹಾಕಿ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಎಂದರೆ 9 ಘನ ಅಡಿ. ಘನ ಅಡಿಗೆ 28.3 ಲೀಟರಿನಂತೆ 255 ಲೀಟರ್ ನೀರು, ಅಷ್ಟೇ ಕಿಲೋ ತೂಕ. 10 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 25 ಕಿಲೋ ತೂಗುತ್ತದೆ, ಹಾಗಾಗಿ ಬರಿಯ ಗಾಜೇ 50 ಕಿಲೋ ದಾಟುತ್ತದೆ. ತಳಕ್ಕೆ ಹಾಸುವ ಮರಳು, ಕಲ್ಲುಗಳಿಗೆ ಇನ್ನೊಂದು 45 ಕಿಲೋ ಇಡಿ. ಕೆಳಗೆ ಸಂಪ್, ಅಂದರೆ ಫಿಲ್ಟರ್ ಮತ್ತು ಪಂಪ್ ಕೂರುವ ಎರಡನೆಯ ತೊಟ್ಟಿ, ಇಟ್ಟರೆ ಅದರ ನೀರು, ಗಾಜು, ಪಂಪ್ ಸೇರಿ 80 ಕಿಲೋ. ಸ್ಟ್ಯಾಂಡಿನ ಮರದ ತೂಕವನ್ನೂ ಕೂಡಿಸಿದರೆ ಒಂಬತ್ತು ಹತ್ತು ಸಿಮೆಂಟ್ ಮೂಟೆಗಳನ್ನು ಮನೆಯ ಒಂದು ಮೂಲೆಯಲ್ಲಿ ವರ್ಷಗಟ್ಟಲೆ ಪೇರಿಸಿಟ್ಟಂತೆ.

ದಾವಣಗೆರೆಯ ನಮ್ಮ ಮನೆಯಲ್ಲಿ ಮೊದಲ ತೊಟ್ಟಿಯನ್ನು ಇಟ್ಟದ್ದು ಟಿವಿ ಇಡುವ ಪಾರ್ಟಿಕಲ್ ಬೋರ್ಡ್ ಬೀರುವಿನ ಮೇಲೆ. ಎರಡಡಿಯ ಚಿಕ್ಕ ತೊಟ್ಟಿ, ಏನೂ ಆಗುವುದಿಲ್ಲ ಎಂದುಕೊಂಡಿದ್ದೆ. ನೀರು ಬದಲಿಸುವಾಗ ತುಳುಕಿದ ಹನಿಗಳು ಬೋರ್ಡಿನ ಅಂಚಿನಿಂದ ಒಳಗೆ ಇಳಿದು, ಆರು ತಿಂಗಳಲ್ಲಿ ಅದು ರೊಟ್ಟಿಯಂತೆ ಉಬ್ಬಿತು. ಒಂದು ಬೆಳಗ್ಗೆ ನೋಡಿದರೆ ನೀರಿನ ಮಟ್ಟ ಒಂದು ಕಡೆ ಅರ್ಧ ಇಂಚು ಮೇಲಿತ್ತು. ಗಾಜು ಒಡೆಯುವ ಮೊದಲೇ ಕಂಡದ್ದು ಮೀನುಗಳ ಪುಣ್ಯ. ಅಂದಿನಿಂದ ಇಂಥ ಬೋರ್ಡ್, ಮರದ ನಾರು ಒತ್ತಿ ಮಾಡುವ ಎಂ.ಡಿ.ಎಫ್. ಹಲಗೆ ಎರಡನ್ನೂ ನಾನು ತೊಟ್ಟಿಯ ಹತ್ತಿರ ಸೇರಿಸಿಲ್ಲ.

ಕಂಬ, ಬೋದಿಗೆ, ತೊಲೆ

ಗಟ್ಟಿ ಸ್ಟ್ಯಾಂಡಿನ ಗುಟ್ಟು ತಿಳಿಯಬೇಕಾದರೆ ಹಳೇ ದಾವಣಗೆರೆಯ ಯಾವುದಾದರೂ ಮಾಳಿಗೆ ಮನೆಯ ಪಡಸಾಲೆಯಲ್ಲಿ ನಿಂತು ತಲೆ ಎತ್ತಿ ನೋಡಿ. ಮಣ್ಣಿನ ಮಾಳಿಗೆಯ ಭಾರ ಜಂತೆಗೆ, ಜಂತೆಯಿಂದ ತೊಲೆಗೆ, ತೊಲೆಯಿಂದ ಬೋದಿಗೆಗೆ, ಬೋದಿಗೆಯಿಂದ ಕಂಬಕ್ಕೆ, ಕಂಬದಿಂದ ಅಡಿಗಲ್ಲಿಗೆ ಇಳಿಯುತ್ತದೆ. ಎಲ್ಲವೂ ಒಂದರ ಮೇಲೊಂದು ಕುಳಿತಿವೆ. ಎಲ್ಲಿಯೂ ತೊಲೆಯನ್ನು ಕಂಬದ ಪಕ್ಕಕ್ಕೆ ತಂದು ಮೊಳೆ ಹೊಡೆದು ನೇತುಹಾಕಿಲ್ಲ. ಚಿತ್ರದುರ್ಗದ ಕೋಟೆಯ ಗೋಡೆಗಳಲ್ಲಿ ಎಷ್ಟೋ ಕಡೆ ಗಾರೆಯೇ ಇಲ್ಲ. ಕಲ್ಲು ಕಲ್ಲಿನ ಮೇಲೆ ಸರಿಯಾಗಿ ಕುಳಿತಿರುವುದರಿಂದಲೇ ಅವು ನಿಂತಿವೆ.

ನಮ್ಮ ಸ್ಟ್ಯಾಂಡಿನಲ್ಲಿಯೂ ಹೀಗೆಯೇ ಆಗಬೇಕು. ಭಾರ ಮರದಿಂದ ಮರಕ್ಕೆ ನೇರವಾಗಿ ಇಳಿಯಬೇಕು. ಸ್ಕ್ರೂ ಮತ್ತು ಅಂಟಿನ ಕೆಲಸ ತುಂಡುಗಳನ್ನು ಜಾಗದಲ್ಲಿ ಹಿಡಿದಿಡುವುದು, ಅಷ್ಟೇ. ಮನೆಯಲ್ಲಿ ಕಟ್ಟಿದ ಸ್ಟ್ಯಾಂಡುಗಳಲ್ಲಿ ನಾನು ಹೆಚ್ಚಾಗಿ ಕಂಡಿರುವ ತಪ್ಪೆಂದರೆ ಕಾಲನ್ನು ಮೇಲಿನ ಚೌಕಟ್ಟಿನ ಪಕ್ಕಕ್ಕೆ ನಿಲ್ಲಿಸಿ ನಾಲ್ಕು ಸ್ಕ್ರೂ ಬಿಗಿಯುವುದು. ನೋಡಲು ಗಟ್ಟಿಯಾಗಿಯೇ ಇರುತ್ತದೆ. ಆದರೆ ಮುನ್ನೂರೈವತ್ತು ಕಿಲೋ ಭಾರ ಆ ಸ್ಕ್ರೂಗಳ ಕುತ್ತಿಗೆಯ ಮೇಲೆ ಹಗಲೂ ರಾತ್ರಿ ಕುಳಿತಿರುತ್ತದೆ.

ಎರಡನೆಯ ಮಾತು ತೊಲೆಯ ನಿಲುವು. ನಾಲ್ಕಕ್ಕೆ ಎರಡು ಇಂಚಿನ ಮರವನ್ನು ಮಲಗಿಸಿ ಇಡುವುದಕ್ಕಿಂತ ನಾಲ್ಕಿಂಚಿನ ಬದಿ ನಿಲ್ಲುವಂತೆ ಇಟ್ಟರೆ ಅದು ಬಾಗದೆ ನಿಲ್ಲುವ ಶಕ್ತಿ ನಾಲ್ಕು ಪಟ್ಟು ಹೆಚ್ಚುತ್ತದೆ. ಅದೇ ಮರ, ಅದೇ ಖರ್ಚು. ಹೀಗೆ ನಿಲ್ಲಿಸಿದ ನಾಲ್ಕಡಿಯ ತೊಲೆ ನಮ್ಮ ತೊಟ್ಟಿಯ ಭಾರಕ್ಕೆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಬಾಗುತ್ತದೆ. ಅಷ್ಟನ್ನು ಗಾಜಿನ ಕೆಳಗಿನ ಮೆತ್ತೆ ಸರಿದೂಗಿಸುತ್ತದೆ. ಇದೇ ಅಳತೆಯ ಮರದಲ್ಲಿ ಐದಡಿಯ ಸ್ಟ್ಯಾಂಡ್ ಮಾಡಿದರೆ ಬಾಗು ಸುಮಾರು ಎರಡೂವರೆ ಪಟ್ಟಾಗುತ್ತದೆ. ಆಗ ನಡುವೆಯೂ ಕಾಲು ಬೇಕು, ಇಲ್ಲವೇ ಇನ್ನೂ ಎತ್ತರದ ತೊಲೆ ಬೇಕು. ಇಲ್ಲಿ ಕೊಟ್ಟಿರುವ ಅಳತೆಗಳು ನಾಲ್ಕಡಿಗೆ ಮಾತ್ರ.

ಮರ ಆರಿಸುವುದು

ಟಿಂಬರ್ ಡಿಪೋದಲ್ಲಿ ಮೊದಲು ಕೇಳಬೇಕಾದದ್ದು ಮರ ಒಣಗಿದೆಯೇ ಎಂದು. ಹಸಿ ಮರದಲ್ಲಿ ಕಟ್ಟಿದ ಸ್ಟ್ಯಾಂಡ್ ನಮ್ಮ ಊರಿನ ಏಪ್ರಿಲ್ ಬಿಸಿಲಿಗೆ ತಿರುಚಿಕೊಳ್ಳುತ್ತದೆ. ಕಾಲು ಒಂದು ದಿಕ್ಕಿಗೆ, ಚೌಕಟ್ಟು ಇನ್ನೊಂದು ದಿಕ್ಕಿಗೆ. ಮತ್ತಿ, ಹೊನ್ನೆ, ಬೇವು ಯಾವುದಾದರೂ ಆದೀತು. ತೇಗ ಒಳ್ಳೆಯದೇ, ಆದರೆ ಈ ಕೆಲಸಕ್ಕೆ ಅಷ್ಟು ಹಣ ಸುರಿಯಬೇಕಾಗಿಲ್ಲ. ಸಿಲ್ವರ್ ಓಕ್ ಅಗ್ಗ, ಆದರೆ ಹುಳು ಬೇಗ ಹಿಡಿಯುತ್ತದೆ. ಅದನ್ನೇ ಕೊಂಡರೆ ಕಟ್ಟುವ ಮೊದಲು ಎಲ್ಲ ಬದಿಗೂ ಹುಳು ತಡೆಯುವ ಎಣ್ಣೆ ಸವರಿ ಚೆನ್ನಾಗಿ ಒಣಗಿಸಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೆಡವಿದ ಹಳೆ ಮನೆಗಳ ತೊಲೆ. ಐವತ್ತು ಅರವತ್ತು ವರ್ಷ ಒಣಗಿದ ಮರ ಇನ್ನು ತಿರುಚುವುದಿಲ್ಲ. ಕೊಯ್ಸುವ ಮೊದಲು ಅದರಲ್ಲಿ ಹುದುಗಿರುವ ಮೊಳೆಗಳನ್ನೆಲ್ಲ ಹುಡುಕಿ ಕಿತ್ತುಕೊಡಿ. ಗರಗಸದ ಚಕ್ರಕ್ಕೆ ಮೊಳೆ ಸಿಕ್ಕರೆ ಕೊಯ್ಯುವವರ ಕಣ್ಣಿಗೇ ಅಪಾಯ.

ಪ್ಲೈವುಡ್ ಮೇಲೆ ಐ.ಎಸ್. 710 ಎಂಬ ಮುದ್ರೆ ಇರಲಿ. ಅದು ನೀರಿಗೆ ಅಂಟು ಬಿಡದ, ಮರೈನ್ ಎಂದು ಕರೆಯುವ ದರ್ಜೆ. ಐ.ಎಸ್. 303 ಮುದ್ರೆಯದು ಸ್ವಲ್ಪ ಅಗ್ಗ. ಹಿಂಬದಿ, ಪಕ್ಕದ ಹಲಗೆಗಳಿಗೆ ಅದು ಸಾಕು, ತೊಟ್ಟಿಯ ಕೆಳಗೆ ಮತ್ತು ಸಂಪಿನ ಕೆಳಗೆ ಬೇಡ.

ಕತ್ತರಿಸುವ ಲೆಕ್ಕ ಇದು. ನಾಲ್ಕೆರಡು ಮರವನ್ನು ಕೀಸಿದ ಮೇಲೆ 3¾ಕ್ಕೆ 1¾ ಇಂಚು, ಮೂರೆರಡನ್ನು ಕೀಸಿದ ಮೇಲೆ 2¾ಕ್ಕೆ 1¾ ಇಂಚು ಉಳಿಯುತ್ತದೆ ಎಂದು ಹಿಡಿದಿದ್ದೇನೆ. ನಿಮ್ಮ ಕೈಗೆ ಬಂದ ಮರವನ್ನು ಅಳೆದೇ ಮುಂದುವರಿಯಿರಿ.

- ಉದ್ದ ತೊಲೆ: ನಾಲ್ಕೆರಡು, 48 ಇಂಚು, 4 ತುಂಡು (ಮೇಲಿನ ಚೌಕಟ್ಟಿಗೆ 2, ಕೆಳಗಿನದಕ್ಕೆ 2)
- ತುದಿಯ ಅಡ್ಡಪಟ್ಟಿ: ನಾಲ್ಕೆರಡು, 14½ ಇಂಚು, 4 ತುಂಡು
- ನಡುವಿನ ಅಡ್ಡಪಟ್ಟಿ: ಮೂರೆರಡು, 15½ ಇಂಚು, 4 ತುಂಡು
- ಕಾಲು: ನಾಲ್ಕೆರಡು, 24 ಇಂಚು, 4 ತುಂಡು
- ಒಳಮೂಲೆಯ ಪಟ್ಟಿ: ಮೂರೆರಡು, 31½ ಇಂಚು, 4 ತುಂಡು
- 19 ಮಿ.ಮೀ. ಪ್ಲೈ: ಮೇಲೆ 48ಕ್ಕೆ 18, ಕೆಳಗೆ 38¾ಕ್ಕೆ 18 ಇಂಚು
- 12 ಮಿ.ಮೀ. ಪ್ಲೈ: ಹಿಂಬದಿಗೆ 48ಕ್ಕೆ 31½, ಪಕ್ಕಗಳಿಗೆ 18½ಕ್ಕೆ 31½ ಇಂಚಿನ ಎರಡು

ಎಲ್ಲ ಸೇರಿ ಎರಡೂಕಾಲು ಘನ ಅಡಿ ಮರ. ಕತ್ತರಿಸುವಾಗ ಪೋಲಾಗುವುದನ್ನು ಲೆಕ್ಕಕ್ಕೆ ಹಿಡಿದು ಎರಡು ಮುಕ್ಕಾಲು ಕೊಂಡರೆ ಧೈರ್ಯ.

ನಾಲ್ಕು ಕಾಲುಗಳೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಬಾರದು. ಒಂದೊಂದಾಗಿ ಅಳೆದು ಕತ್ತರಿಸಬೇಡಿ. ನಾಲ್ಕನ್ನೂ ಜೋಡಿಸಿ ಕ್ಲಾಂಪ್ ಹಾಕಿ, ಮೂಲೆಮಟ್ಟ ಇಟ್ಟು ಗೆರೆ ಎಳೆದು, ಒಟ್ಟಿಗೆ ಕತ್ತರಿಸಿ. ಕೈಗರಗಸದ ಮೇಲೆ ನಂಬಿಕೆ ಇಲ್ಲದಿದ್ದರೆ ಈ ಒಂದು ಕೆಲಸವನ್ನು ಸಾ ಮಿಲ್ಲಿನಲ್ಲಿಯೇ ಮಾಡಿಸಿಕೊಳ್ಳಿ.

ಜೋಡಿಸುವುದು

ಮೊದಲು ಎರಡು ಚೌಕಟ್ಟು. ಉದ್ದ ತೊಲೆಗಳ ಎರಡೂ ತುದಿಗೆ 14½ ಇಂಚಿನ ಅಡ್ಡಪಟ್ಟಿ ಸೇರಿಸಿದರೆ 48ಕ್ಕೆ 18 ಇಂಚಿನ ಆಯತ. ನಡುವಿನ ಎರಡು ಅಡ್ಡಪಟ್ಟಿಗಳನ್ನು ಬರಿಯ ಸ್ಕ್ರೂ ಹಾಕಿ ನಿಲ್ಲಿಸಬೇಡಿ. ತೊಟ್ಟಿಯ ತಳದ ಭಾರದಲ್ಲಿ ಅವುಗಳಿಗೂ ಪಾಲಿದೆ. ಉದ್ದ ತೊಲೆಯ ಒಳಮೈಯಲ್ಲಿ ಮೇಲಂಚಿನಿಂದ 2¾ ಇಂಚು ಕೆಳಕ್ಕೆ, ಅರ್ಧ ಇಂಚು ಆಳಕ್ಕೆ, ಪಟ್ಟಿಯ ದಪ್ಪಕ್ಕೆ ಸರಿಯಾಗಿ ಕಚ್ಚು ತೆಗೆಯಿರಿ. ಕಚ್ಚಿನ ಕೆಳಗೆ ಒಂದಿಂಚು ಮರ ಹಾಗೆಯೇ ಉಳಿಯುತ್ತದೆ. ಅಡ್ಡಪಟ್ಟಿ ಅದರ ಮೇಲೆ ಕೂರುತ್ತದೆ. ಗರಗಸದಲ್ಲಿ ಎರಡು ಗೆರೆ ಕೊಯ್ದು ಉಳಿಯಿಂದ ನಡುವಿನದನ್ನು ತೆಗೆದರೆ ಆಯಿತು. ಇದು ಈ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವ ಭಾಗ. ನನಗೆ ಎಂಟು ಕಚ್ಚಿಗೆ ಒಂದು ಭಾನುವಾರ ಪೂರ್ತಿ ಬೇಕಾಯಿತು, ಬೇಸರವೇನೂ ಆಗಲಿಲ್ಲ.

ಸ್ಕ್ರೂ ಬಿಗಿಯುವ ಮೊದಲು ಟೇಪನ್ನು ಮೂಲೆಯಿಂದ ಮೂಲೆಗೆ ಹಿಡಿಯಿರಿ. ಎರಡೂ ಕರ್ಣಗಳು 51¼ ಇಂಚು ಬಂದರೆ ಚೌಕಟ್ಟು ಮೂಲೆಗೆ ಸರಿಯಾಗಿದೆ. ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಉದ್ದವಿರುವ ಕರ್ಣದ ಮೂಲೆಗಳನ್ನು ಒತ್ತಿ ಸರಿಮಾಡಿ. ಪ್ರತಿ ಸ್ಕ್ರೂವಿಗೂ ಮೊದಲು ಡ್ರಿಲ್ ತೂತು ಹಾಕಿ, ಇಲ್ಲದಿದ್ದರೆ ಗಟ್ಟಿ ಮರ ತುದಿಯಲ್ಲಿ ಸೀಳುತ್ತದೆ. ಜಿಪ್ಸಮ್ ಬೋರ್ಡಿಗೆ ಬಳಸುವ ಕಪ್ಪು ಸ್ಕ್ರೂ ಬೇಡ. ಅದು ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ಸತುವಿನ ಲೇಪದ ಇಲ್ಲವೇ ಸ್ಟೀಲಿನ ಮೂರಿಂಚಿನ ಮರದ ಸ್ಕ್ರೂ ತೆಗೆದುಕೊಳ್ಳಿ, ಜೊತೆಗೆ ನೀರು ತಡೆಯುವ ಅಂಟು.

ಇನ್ನು ಇಡೀ ಸ್ಟ್ಯಾಂಡನ್ನು ತಲೆಕೆಳಗಾಗಿ ಕಟ್ಟಬೇಕು. ಸಮತಟ್ಟಾದ ನೆಲದ ಮೇಲೆ ಮೇಲಿನ ಚೌಕಟ್ಟನ್ನು ಮಗುಚಿ ಇಡಿ. ಆಗ ತೊಟ್ಟಿ ಕೂರುವ ಮೈ ನೆಲಕ್ಕೆ ಅಂಟಿಕೊಂಡು ತಾನಾಗಿಯೇ ಮಟ್ಟವಾಗಿರುತ್ತದೆ. ನಾಲ್ಕು ಮೂಲೆಗಳಲ್ಲಿ ಉದ್ದ ತೊಲೆಯ ಮೇಲೆಯೇ ಕಾಲುಗಳನ್ನು ನಿಲ್ಲಿಸಿ, ಕಾಲಿನ ಅಗಲ ತೊಲೆಯ ಉದ್ದಕ್ಕೆ ಬರಲಿ. ಚೌಕಟ್ಟಿನ ಒಳಮೂಲೆಯಲ್ಲಿ ನೆಲ ಮುಟ್ಟುವಂತೆ 31½ ಇಂಚಿನ ಪಟ್ಟಿ ನಿಲ್ಲಿಸಿ, ಅಗಲದ ಬದಿ ತೊಲೆಗೆ ಮತ್ತು ಕಾಲಿಗೆ ತಾಗಿರಲಿ. ಅಂಟು ಹಚ್ಚಿ ತೊಲೆಗೂ ಕಾಲಿಗೂ ಅಡ್ಡಪಟ್ಟಿಗೂ ಸ್ಕ್ರೂ ಹಾಕಿ. ಬಳಿಕ ಕೆಳಗಿನ ಚೌಕಟ್ಟನ್ನು ಮೇಲಿನಿಂದ ಇಳಿಸಿ ಕಾಲುಗಳ ಮೇಲೆ ಕೂರಿಸಿ. ಇದನ್ನೂ ಮಗುಚಿಯೇ ಇಡಬೇಕು, ಕಚ್ಚಿನ ತೆರೆದ ಬದಿ ಕೊನೆಯಲ್ಲಿ ಮೇಲೆ ಬರಬೇಕಲ್ಲವೇ. ಎಲ್ಲಿಯಾದರೂ ಕಾಲು ಮತ್ತು ತೊಲೆಯ ನಡುವೆ ಬೆಳಕು ಕಂಡರೆ ಆ ಕಾಲು ಭಾರ ಹೊರುತ್ತಿಲ್ಲ ಎಂದರ್ಥ. ಸ್ಕ್ರೂ ಬಿಗಿದು ಸಂದು ಮುಚ್ಚಲು ಹೋಗಬೇಡಿ, ಬಿಚ್ಚಿ ಕಾಲಿನ ಅಳತೆಯನ್ನು ಸರಿಪಡಿಸಿ.

ಅಂಟು ಒಣಗಲು ಒಂದು ರಾತ್ರಿ ಬಿಟ್ಟು ನೇರ ನಿಲ್ಲಿಸಿ. ಭುಜದಿಂದ ಪಕ್ಕಕ್ಕೆ ತಳ್ಳಿ ನೋಡಿದರೆ ಸ್ವಲ್ಪ ಓಲಾಡುತ್ತದೆ. ಹೆದರಬೇಡಿ. ಹಿಂಬದಿಗೆ ಮತ್ತು ಎರಡು ಪಕ್ಕಗಳಿಗೆ 12 ಮಿಲಿಮೀಟರಿನ ಪ್ಲೈ ಹೊದಿಸಿ ಆರಿಂಚಿಗೊಂದರಂತೆ ಸ್ಕ್ರೂ ಹಾಕಿದ ಮೇಲೆ ಅದೇ ಸ್ಟ್ಯಾಂಡನ್ನು ಮತ್ತೆ ತಳ್ಳಿ. ಆ ವ್ಯತ್ಯಾಸವನ್ನು ಕೈಯಲ್ಲಿ ಅನುಭವಿಸಿಯೇ ತಿಳಿಯಬೇಕು. ಕಾಲು ಹೊರುವುದು ಮೇಲಿನಿಂದ ಬರುವ ಭಾರವನ್ನು ಮಾತ್ರ, ಪಕ್ಕದ ಓಲಾಟವನ್ನು ತಡೆಯುವುದು ಈ ಹಲಗೆಗಳು. ಅಂದಕ್ಕೆಂದು ಹಾಕಿದ್ದು ಎಂದುಕೊಂಡು ಹಿಂಬದಿಯನ್ನು ಖಾಲಿ ಬಿಟ್ಟವರಿದ್ದಾರೆ, ಹಾಗೆ ಮಾಡಬೇಡಿ. ಪೈಪಿಗೆ, ವೈರಿಗೆ ಹಿಂಬದಿಯಲ್ಲಿ ದುಂಡನೆಯ ತೂತು ಸಾಕು.

ಕಬ್ಬಿಣದಲ್ಲಿ ಮಾಡಿಸುವುದಾದರೂ ನಿಯಮ ಇದೇ. ಮೇಲಿನ ಚೌಕಟ್ಟು ಕಾಲಿನ ತಲೆಯ ಮೇಲೆ ಕೂರಬೇಕು, ಪೈಪಿನ ತೆರೆದ ಬಾಯಿಗಳನ್ನು ಮುಚ್ಚಿಸಬೇಕು, ಏಕೆಂದರೆ ತುಕ್ಕು ಒಳಗಿನಿಂದ ಹಿಡಿಯುತ್ತದೆ. ಸತುವಿನ ಲೇಪವಿರುವ ಜಿ.ಐ. ಪೈಪಿಗೆ ಹಾಗೆಯೇ ವೆಲ್ಡಿಂಗ್ ಮಾಡಿಸಬೇಡಿ. ಸುಟ್ಟ ಸತುವಿನ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ.

ಸಂಪಿಗೆ ಜಾಗ

ನಾನು 30 ಇಂಚು ಉದ್ದ, 12 ಅಗಲ, 14 ಎತ್ತರದ ಸಂಪನ್ನು ಲೆಕ್ಕಕ್ಕೆ ಹಿಡಿದಿದ್ದೇನೆ. ಮುಂದಿನ ಬಾಯಿ 39 ಇಂಚು ತೆರೆದಿರುವುದರಿಂದ ತೊಟ್ಟಿಯನ್ನು ಕದಲಿಸದೆ ಸಂಪನ್ನು ಹೊರಗೆ ಎಳೆಯಬಹುದು. ಇದು ಬಹಳ ಮುಖ್ಯ. ಸಂಪನ್ನು ಮೊದಲು ಒಳಗಿಟ್ಟು ಆಮೇಲೆ ಸ್ಟ್ಯಾಂಡ್ ಕಟ್ಟಿದರೆ, ಅದು ಸೋರಿದ ದಿನ ಇಡೀ ಮನೆಯನ್ನೇ ಬಿಚ್ಚಬೇಕಾಗುತ್ತದೆ. ಸಂಪಿನ ಮೇಲೆ ಒಂಬತ್ತು ಇಂಚು ತೆರಪು ಉಳಿಯುತ್ತದೆ. ಫಿಲ್ಟರ್ ಚೀಲ ತೆಗೆಯಲು, ಪಂಪ್ ಎತ್ತಲು ಕೈ ಆಡಬೇಕಲ್ಲ.

ಕರೆಂಟ್ ಹೋದಾಗ ಏನಾಗುತ್ತದೆ ಎಂಬುದನ್ನು ಈಗಲೇ ಲೆಕ್ಕ ಹಾಕಿ. ಪಂಪ್ ನಿಂತ ಕೂಡಲೇ ಮೇಲಿನ ತೊಟ್ಟಿಯ ನೀರು, ಸಂಪಿಗೆ ಹರಿದುಬೀಳುವ ಓವರ್‌ಫ್ಲೋ ಬಾಯಿಯ ಮಟ್ಟದವರೆಗೆ ಕೆಳಗಿಳಿಯುತ್ತದೆ. ಒಂದಿಂಚು ಇಳಿದರೂ 14 ಲೀಟರ್. ಅದು ನಮ್ಮ ಸಂಪಿನಲ್ಲಿ ಸುಮಾರು ಎರಡೂವರೆ ಇಂಚು ಏರುತ್ತದೆ. ಅದರ ಮೇಲೆ ಪೈಪುಗಳಲ್ಲಿ ನಿಂತ ನೀರು ಬೇರೆ. ಆದ್ದರಿಂದ ಸಂಪಿನಲ್ಲಿ ಸದಾ ನಾಲ್ಕಿಂಚು ಖಾಲಿ ಇರಲಿ. ಮೇಲಕ್ಕೆ ನೀರು ಸಾಗಿಸುವ ಪೈಪಿನ ಬಾಯಿ ನೀರಿನಲ್ಲಿ ಮುಳುಗಿದ್ದರೆ ಅದೇ ಪೈಪು ಹಿಮ್ಮುಖವಾಗಿ ನೀರನ್ನು ಎಳೆದು ಕೆಳಗೆ ಸುರಿಯುತ್ತದೆ. ನೀರಿನ ಮಟ್ಟದ ತುಸುವೇ ಕೆಳಗೆ ಅದಕ್ಕೊಂದು ಸಣ್ಣ ತೂತು ಹಾಕಿದರೆ ಗಾಳಿ ಸೇರಿ ಎಳೆತ ನಿಲ್ಲುತ್ತದೆ. ಆ ತೂತನ್ನು ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಕಡ್ಡಿ ಆಡಿಸಿ.

ಕೆಳಗಿನ ಪ್ಲೈಯನ್ನು ಕೂರಿಸಿ, ಸುತ್ತಲೂ ಒಂದಿಂಚಿನ ಪಟ್ಟಿ ಹೊಡೆದು, ಸಂದುಗಳಿಗೆ ಸಿಲಿಕಾನ್ ತುಂಬಿ ತಟ್ಟೆಯಂತೆ ಮಾಡಿ. ಸಂಪು ಹೊರಗೆಳೆಯುವಾಗ ಮುಂದಿನ ಪಟ್ಟಿಯ ಮೇಲಿಂದ ಸ್ವಲ್ಪ ಎತ್ತಬೇಕು, ಅಷ್ಟೇ. ಬಣ್ಣ ಹಚ್ಚುವಾಗ ಸ್ಟ್ಯಾಂಡಿನ ಒಳಗೆಲ್ಲ ಬಿಳಿ ಎನಾಮಲ್ ಹಚ್ಚಿ. ಬಿಳಿಯ ಮೇಲೆ ಒಂದು ಹನಿ ಸೋರಿದರೂ ಕಣ್ಣಿಗೆ ಬೀಳುತ್ತದೆ. ಪ್ಲೈಯ ಕತ್ತರಿಸಿದ ಅಂಚಿಗೆ ಮೂರು ಸಲ ಹಚ್ಚಿದರೂ ಹೆಚ್ಚಲ್ಲ, ನೀರು ನುಗ್ಗುವುದು ಅಲ್ಲಿಂದಲೇ. ಮುಂದೆ ಬಾಗಿಲು ಹಾಕುವುದು ನಿಮ್ಮ ಇಷ್ಟ, ಆದರೆ ಬೇಸಿಗೆಯಲ್ಲಿ ಅದನ್ನು ತೆರೆದಿಡಿ. 40 ಡಿಗ್ರಿಯ ಹತ್ತಿರ ಸುಡುವ ಮಧ್ಯಾಹ್ನಗಳಲ್ಲಿ ಸಂಪಿನ ಮೇಲೆ ಒಂದು ಪುಟ್ಟ ಫ್ಯಾನ್ ತಿರುಗಿಸಿದರೆ ನೀರು ಆವಿಯಾಗಿ ತಣ್ಣಗಾಗುತ್ತದೆ. ಹಾಗೆ ಕಡಿಮೆಯಾದ ನೀರನ್ನು ಪ್ರತಿದಿನ ತುಂಬಬೇಕು.

ಪ್ಲಗ್ ಬೋರ್ಡನ್ನು ಸಂಪಿಗಿಂತ ಎತ್ತರದಲ್ಲಿ, ಪಕ್ಕದ ಹಲಗೆಗೆ ಹೊಡೆಯಿರಿ. ಪ್ರತಿ ವೈರನ್ನೂ ಬೋರ್ಡಿಗಿಂತ ಕೆಳಗೆ ಒಂದು ಸುತ್ತು ಜೋತುಬಿಟ್ಟು ಆಮೇಲೆ ಮೇಲಕ್ಕೆ ತನ್ನಿ. ವೈರಿನ ಗುಂಟ ಹರಿದ ಹನಿ ಪ್ಲಗ್ಗಿಗೆ ಹೋಗದೆ ಅಲ್ಲಿಯೇ ಕೆಳಗೆ ತೊಟ್ಟಿಕ್ಕುತ್ತದೆ. ಈ ಸಾಲಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ., ಅಂದರೆ ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್, ಹಾಕಿಸದೆ ನೀರಿಗೆ ಕೈ ಹಾಕಬೇಡಿ. ಮನೆಯಲ್ಲಿ ಮಕ್ಕಳಿರುತ್ತಾರೆ.

ನಿಲ್ಲಿಸುವುದು, ತುಂಬುವುದು

ನೆಲಮನೆಯಾದರೆ ಚಿಂತೆಯಿಲ್ಲ. ಮಹಡಿಯಲ್ಲಿ ಇಡುವವರು ಯೋಚಿಸಬೇಕು. ವಾಸದ ಮನೆಯ ಆರ್.ಸಿ.ಸಿ. ಹಾಸನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ನಮ್ಮ ಸ್ಟ್ಯಾಂಡ್ ನಿಲ್ಲುವ ಜಾಗ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು, ಭಾರ ಐನೂರು ಕಿಲೋ ಹತ್ತಿರ. ಕೋಣೆಯ ನಡುವೆ ಬೇಡ, ಕೆಳಗೆ ಗೋಡೆ ಇಲ್ಲವೇ ಬೀಮ್ ಇರುವ ಕಡೆ ಇಡಿ, ಮನೆ ಕಟ್ಟಿದ ಎಂಜಿನಿಯರರನ್ನು ಒಂದು ಮಾತು ಕೇಳಿ. ಹಳೆಯ ಮಣ್ಣಿನ ಮಾಳಿಗೆಯ ಮೇಲಂತೂ ಕೂಡದೇ ಕೂಡದು.

ನಾಲ್ಕು ಕಾಲುಗಳ ನೇರಕ್ಕೆ, ಕೆಳಗಿನ ಚೌಕಟ್ಟಿನ ಅಡಿಗೆ ಅಂಗೈಯಗಲದ ಗ್ರಾನೈಟ್ ತುಂಡುಗಳನ್ನು ಇಡಿ. ಗ್ರಾನೈಟ್ ಅಂಗಡಿಯ ಹೊರಗೆ ಬಿಸಾಡಿದ ಚೂರುಗಳೇ ಸಾಕು. ಕಂಬದ ಅಡಿಗಲ್ಲಿನಂತೆ ಇವು ನೆಲ ಒರೆಸುವ ನೀರು ಮರಕ್ಕೆ ಹತ್ತದಂತೆ, ಗೆದ್ದಲು ಕಣ್ಣು ತಪ್ಪಿಸಿ ಏರದಂತೆ ಕಾಯುತ್ತವೆ. ಈಗ ಮೇಲಿನ ಪ್ಲೈ ಮೇಲೆ ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ. ತಗ್ಗಿದ ಕಾಲಿನ ಕೆಳಗೆ, ಕಲ್ಲಿಗೂ ಮರಕ್ಕೂ ನಡುವೆ, ತೆಳು ಸ್ಟೀಲ್ ತಗಡು ಸೇರಿಸುತ್ತ ಮಟ್ಟ ಮಾಡಿ. ಯಾವ ಕಾರಣಕ್ಕೂ ತೊಟ್ಟಿಯ ಗಾಜಿನ ಕೆಳಗೆ ರಟ್ಟು, ತಗಡು ತುರುಕಿ ಮಟ್ಟ ಮಾಡಬೇಡಿ. ಗಾಜು ಸೀಳುವುದು ಅಂಥ ಒಂದೇ ಬಿಂದುವಿನ ಒತ್ತಡಕ್ಕೆ. ತಳಕ್ಕೆ ಚೌಕಟ್ಟಿಲ್ಲದ ತೊಟ್ಟಿಯಾದರೆ 12 ಮಿಲಿಮೀಟರಿನ ಥರ್ಮೋಕೋಲ್ ಹಾಳೆಯನ್ನು ಪೂರ್ತಿ ಹಾಸಿ. ಅದರ ಮೇಲೆ ಒಂದು ಮರಳಿನ ಕಾಳೂ ಇಲ್ಲದಂತೆ ಒರೆಸಿ ತೊಟ್ಟಿ ಇಡಿ.

ಕಾಲು ಭಾಗ ನೀರು ತುಂಬಿ, ಒಂದು ಗಂಟೆ ಬಿಡಿ. ಗಾಜಿನ ನಾಲ್ಕು ಮೂಲೆಗಳಲ್ಲಿ ಮೇಲಂಚಿನಿಂದ ನೀರಿನವರೆಗೆ ಅಳೆದು ಬರೆದಿಟ್ಟುಕೊಳ್ಳಿ. ಅರ್ಧ ತುಂಬಿ ಮತ್ತೆ ಅಳೆಯಿರಿ, ಮುಕ್ಕಾಲಿಗೆ, ಪೂರ್ತಿಗೆ ಹಾಗೆಯೇ. ನಾಲ್ಕು ಮೂಲೆಯ ಅಳತೆಗಳ ನಡುವಿನ ವ್ಯತ್ಯಾಸ ಎರಡು ಮೂರು ಮಿಲಿಮೀಟರಿನಲ್ಲಿದ್ದು ನೀರು ಏರಿದಂತೆ ಹೆಚ್ಚದಿದ್ದರೆ ಸರಿ. ಹೆಚ್ಚುತ್ತಾ ಹೋದರೆ ಒಂದು ಕಾಲು ಕುಸಿಯುತ್ತಿದೆ. ನೀರನ್ನೆಲ್ಲ ಖಾಲಿ ಮಾಡಿ ನೋಡಿ. ತುಂಬಿದ ತೊಟ್ಟಿಯ ಕೆಳಗೆ ತಗಡು ಬಡಿಯುವ ಸಾಹಸ ಬೇಡ.

ಎಲ್ಲ ಸರಿಯಾದ ಮೇಲೆ ಪಂಪ್ ಓಡಿಸಿ, ಹತ್ತು ನಿಮಿಷ ಬಿಟ್ಟು, ನೀವೇ ಸ್ವಿಚ್ ಆರಿಸಿ. ಸಂಪಿನ ನೀರು ಏರಿ ನಿಂತ ಜಾಗಕ್ಕೆ ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಅದು ಅಂಚಿಗಿಂತ ಒಂದಿಂಚಾದರೂ ಕೆಳಗಿರಬೇಕು. ಮತ್ತೆ ಪಂಪ್ ಹಾಕಿ, ನೀರು ಇಳಿದು ನಿಂತ ಮಟ್ಟಕ್ಕೆ ಎರಡನೆಯ ಗೆರೆ. ಇನ್ನು ಮುಂದೆ ನೀರು ತುಂಬುವವರು ಮನೆಯ ಯಾರೇ ಆಗಲಿ, ಪಂಪ್ ಓಡುತ್ತಿರುವಾಗ ಎರಡನೆಯ ಗೆರೆಯವರೆಗೆ ಮಾತ್ರ ತುಂಬಲಿ.